ಸವೆತದ ಲೆಕ್ಕ

ಫ್ರಂಟ್ ಲೋಡ್ ವಾಷಿಂಗ್ ಮಷೀನ್, ಅಂದರೆ ಬಾಗಿಲು ಮುಂದಕ್ಕೆ ತೆರೆಯುವ ಬಟ್ಟೆ ಒಗೆಯುವ ಯಂತ್ರದೊಳಗೆ, ಬಟ್ಟೆ ಹೊರಳಾಡುವ ಪೀಪಾಯಿಯನ್ನು ಹಿಂಬದಿಯಿಂದ ಹಿಡಿದು ನಿಲ್ಲಿಸುವ ಮೂರು ಕವಲಿನ ಲೋಹದ ಭಾಗವೊಂದಿದ್ದು, ರಿಪೇರಿಯವರ ಮಾತಿನಲ್ಲಿ ಅದಕ್ಕೆ ಸ್ಪೈಡರ್ ಎಂದು ಹೆಸರು. ಪೀಪಾಯಿ ತುಕ್ಕು ಹಿಡಿಯದ ಉಕ್ಕಿನದು, ಸ್ಪೈಡರ್ ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಒಂದಕ್ಕೊಂದು ತಾಗಿಕೊಂಡಿರುವ ಈ ಎರಡು ಲೋಹಗಳ ನಡುವೆ ಡಿಟರ್ಜೆಂಟಿನ ಕ್ಷಾರ ಬೆರೆತ ತೇವ ವರ್ಷಗಟ್ಟಲೆ ನಿಂತರೆ, ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಂ ಮೆಲ್ಲಮೆಲ್ಲನೆ ಕೊರೆದುಹೋಗುತ್ತದೆ. ಈ ಕೊರೆತ ಹೊರಗಿನಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಬಟ್ಟೆ ಎಂದಿನಂತೆ ಶುಭ್ರವಾಗಿ ಬರುತ್ತಿರುತ್ತದೆ, ಹಿಂಡುವ ಹೊತ್ತಿನ ಸದ್ದು ಮಾತ್ರ ದಿನದಿಂದ ದಿನಕ್ಕೆ ತುಸು ಏರುತ್ತಿರುತ್ತದೆ, ಕೊನೆಗೊಮ್ಮೆ ಕವಲು ಮುರಿದು ಪೀಪಾಯಿ ಒಂದು ಮಗ್ಗುಲಿಗೆ ವಾಲಿದಾಗಷ್ಟೇ ಒಳಗೇನೋ ಬಹುಕಾಲದಿಂದ ಸವೆಯುತ್ತಿತ್ತೆಂಬುದು ಮನೆಯವರ ಅರಿವಿಗೆ ಬರುತ್ತದೆ.

ಬೆಂಗಳೂರಿನ ಫ್ಲ್ಯಾಟೊಂದರ ಯುಟಿಲಿಟಿಯಲ್ಲಿ, ಅಂದರೆ ಅಡುಗೆಮನೆಗೆ ಅಂಟಿಕೊಂಡ ಕಿರಿದಾದ ಹಿಂಬದಿಯ ಜಾಗದಲ್ಲಿ, ಹೀಗೆ ಬಿಚ್ಚಿಟ್ಟ ಒಂದು ಸ್ಪೈಡರ್ ಈ ಬರಹಕ್ಕೆ ಕಾರಣವಾಯಿತು. ಅದರ ಕವಲುಗಳ ಬುಡದಲ್ಲಿ ಗುಳಿ ಬಿದ್ದಿತ್ತು, ಮೈಯೆಲ್ಲ ಬೂದುಬಿಳಿ ಪುಡಿ ಮೆತ್ತಿತ್ತು, ಉಗುರು ತಾಗಿಸಿದರೆ ಲೋಹ ಹಕ್ಕಳೆಯಾಗಿ ಏಳುತ್ತಿತ್ತು. ಆ ನೋಟ, 1980 ಮತ್ತು 90ರ ದಶಕಗಳಲ್ಲಿ ತುಮಕೂರಿನ ಒಂದು ಹಿತ್ತಲಿನಲ್ಲಿ ದಿನವೂ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರ ಕೈಗಳನ್ನು ನೆನಪಿಗೆ ತಂದಿತು. ಬಟ್ಟೆಯ ಕೊಳೆ ಹೋಗಬೇಕಾದರೆ ಏನಾದರೊಂದು ಸವೆಯಲೇಬೇಕು. ಬಟ್ಟೆಯಾಗಲಿ, ಕಲ್ಲಾಗಲಿ, ಕೈಯಾಗಲಿ, ಯಂತ್ರವಾಗಲಿ ಆ ಸವೆತವನ್ನು ಹೊರಬೇಕು. ಮಧ್ಯಮ ವರ್ಗದ ಮನೆಗಳು ಈ ಸವೆತದ ಲೆಕ್ಕವನ್ನು ಎಂದೂ ಇಡಲಿಲ್ಲ ಎಂಬುದೂ, ಕೈಯ ವಿಷಯದಲ್ಲಿ ಇಡದ ಲೆಕ್ಕವನ್ನು ಅವು ಯಂತ್ರದ ವಿಷಯದಲ್ಲೂ ಇಡಲು ಕಲಿಯಲಿಲ್ಲ ಎಂಬುದೂ ಈ ನೆನಪುಗಳನ್ನು ಒಟ್ಟುಗೂಡಿಸಿ ನೋಡಿದಾಗ ತೋರುವ ಸಂಗತಿ.

ತುಮಕೂರಿನ ಆ ಮನೆಯ ಹಿತ್ತಲಿನಲ್ಲಿ ಒಂದು ಸಿಮೆಂಟ್ ತೊಟ್ಟಿ, ಅದರ ಮಗ್ಗುಲಿಗೆ ಓರೆಯಾಗಿ ಹೂತ ಗ್ರಾನೈಟ್ ಚಪ್ಪಡಿಯ ಒಗೆಯುವ ಕಲ್ಲು, ಕಲ್ಲಿನ ಬುಡದಿಂದ ಹೊರಟು ತೆಂಗಿನ ಪಾತಿಗೆ ಸೇರುವ ಕಿರುಗಾಲುವೆ, ಎರಡು ಕಂಬಗಳ ನಡುವೆ ಬಿಗಿದ ತಂತಿ ಇದ್ದವು. ಇಂದು ತುಮಕೂರಿಗೆ ಹೇಮಾವತಿ ನಾಲೆಯ ನೀರು ಬುಗುಡನಹಳ್ಳಿ ಕೆರೆಯ ಮೂಲಕ ಬರುತ್ತದೆ. ಆ ಮನೆಯಿದ್ದ ಬಡಾವಣೆಯಲ್ಲಿ ಆಗ ಇದ್ದದ್ದು ಕೊಳವೆಬಾವಿಯ ನೀರು, ಅದೂ ಗಡಸು ನೀರು. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರಿಗೆ ಗಡಸು ನೀರೆಂದು ಹೆಸರು. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದ ಕಡೆ ಮಾತ್ರ 600ರವರೆಗೆ ಸಹಿಸಬಹುದು. ಬಯಲುಸೀಮೆಯ ಕೊಳವೆಬಾವಿಗಳಲ್ಲಿ ಮೊದಲನೆಯ ಗೆರೆಯನ್ನು ದಾಟಿದ ನೀರು ಸರ್ವೇಸಾಮಾನ್ಯ. ಇಂಥ ನೀರಿನಲ್ಲಿ ಸಾಬೂನಿನ ಕೊಬ್ಬಿನಾಮ್ಲಗಳು ಲವಣಗಳೊಡನೆ ಕೂಡಿ ಕರಗದ ಗಸಿಯಾಗುವುದರಿಂದ ನೊರೆ ಏಳುವುದಿಲ್ಲ, ಗಸಿ ನೂಲಿನ ಸಂದುಗಳಲ್ಲಿ ಕೂತು ಬಿಳಿಯ ಪಂಚೆ ಕ್ರಮೇಣ ಮಾಸಲು ಬಣ್ಣಕ್ಕೆ ತಿರುಗುತ್ತದೆ.

ಒಗೆತ ಎಂಬ ಒಂದೇ ಹೆಸರಿನ ಕೆಲಸದೊಳಗೆ ಹಲವು ಕೆಲಸಗಳು ಅಡಗಿದ್ದವು. ಹಿಂದಿನ ರಾತ್ರಿಯೇ ಬಿಳಿಯದು, ಬಣ್ಣದ್ದು, ಮಕ್ಕಳದು ಎಂದು ಬೇರೆಮಾಡಿ ನೆನೆಹಾಕುವುದು, ಬೆಳಗ್ಗೆ ಕತ್ತಿನ ಪಟ್ಟಿಗೂ ತೋಳಿನ ಅಂಚಿಗೂ ಬಾರ್ ಸೋಪು ತೀಡಿ ಬ್ರಷ್ಷಿನಿಂದ ಉಜ್ಜುವುದು, ಆಮೇಲೆ ಕಲ್ಲಿನ ಮೇಲೆ ಸೆಣೆಯುವುದು, ಅಂದರೆ ಬಟ್ಟೆಯನ್ನು ಮಡಿಸಿ ಹಿಡಿದು ತಲೆಯ ಮೇಲಕ್ಕೆತ್ತಿ ಕುಕ್ಕುವುದು, ತೊಟ್ಟಿಯ ನೀರಿನಲ್ಲಿ ಎರಡು ಮೂರು ಸಲ ಜಾಲಿಸುವುದು, ಬಿಳಿ ಬಟ್ಟೆಯನ್ನು ನೀಲಿ ಕಲಸಿದ ನೀರಿನಲ್ಲಿ ಅದ್ದುವುದು, ಹತ್ತಿಯ ಸೀರೆಗೆ ಗಂಜಿ ಹಾಕುವುದು, ಹಿಂಡಿ ಕೊಡವಿ ಹರವುವುದು ಇವೆಲ್ಲ ಅದರಲ್ಲಿ ಸೇರಿದ್ದವು. ನೀಲಿ ಕೊಳೆಯನ್ನು ತೆಗೆಯುವುದಿಲ್ಲ; ಹಳದಿಗೆ ತಿರುಗಿದ ಬಟ್ಟೆಯ ಮೇಲೆ ತೆಳುವಾದ ನೀಲಿ ಬಣ್ಣ ಕೂತಾಗ ಕಣ್ಣಿಗೆ ಅದು ಬಿಳಿಯಾಗಿ ತೋರುತ್ತದೆ. ಗಡಸು ನೀರಿನ ಊರುಗಳಲ್ಲಿ ನೀಲಿಯ ಪೊಟ್ಟಣಕ್ಕೆ ಅಷ್ಟು ಬೇಡಿಕೆಯಿದ್ದುದಕ್ಕೆ ಜಾಲಿಸಿದರೂ ಹೋಗದ ಆ ಗಸಿಯೂ ಒಂದು ಕಾರಣವಾಗಿತ್ತು.

ಈ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಆ ಮನೆಯ ತಾಯಿಗಿಂತ ವಯಸ್ಸಿನಲ್ಲಿ ಹಿರಿಯರಾಗಿದ್ದರೂ ಮನೆಯ ಮಕ್ಕಳವರೆಗೆ ಎಲ್ಲರೂ ಆಕೆಯನ್ನು ಏಕವಚನದಲ್ಲಿಯೇ ಮಾತನಾಡಿಸುತ್ತಿದ್ದರು. ಸೋಡಾ ಬೆರೆತ ಸೋಪಿನ ನೀರು ಚರ್ಮದ ಸಹಜ ಜಿಡ್ಡನ್ನು ಕಿತ್ತುಹಾಕುತ್ತದೆ. ಜಿಡ್ಡು ಹೋದ ಚರ್ಮ ಬಿರಿಯುತ್ತದೆ. ಬಿರಿದ ಜಾಗಕ್ಕೆ ಮರುದಿನ ಅದೇ ನೀರು ಮತ್ತೆ ತಾಗುತ್ತದೆ. ಆಕೆಯ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದಿಯಲ್ಲಿ ಚಳಿಗಾಲದಲ್ಲಂತೂ ಮಾಯದ ಬಿರುಕಿರುತ್ತಿತ್ತು, ಉಗುರುಗಳ ಅಂಚು ಮೇಲೆದ್ದು ಬೆಳ್ಳಗಾಗಿರುತ್ತಿತ್ತು, ಬಲಗೈಯ ಮಣಿಕಟ್ಟು ದಪ್ಪಗಾಗಿತ್ತು. ಕೆಲಸ ಮುಗಿದ ಮೇಲೆ ಬಾಗಿಲ ಬಳಿ ಬಂದು ನಿಂತರೆ ತಾಯಿ ಅಂಗೈಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಬಿಡುತ್ತಿದ್ದರು, ಆಕೆ ಅದನ್ನು ಕೈಗೆ ಸವರಿಕೊಂಡು ಉಳಿದದ್ದನ್ನು ತಲೆಗೆ ಒರೆಸಿಕೊಳ್ಳುತ್ತಿದ್ದರು. ಆ ಎಣ್ಣೆಯನ್ನು ಮನೆಯವರು ಬಹುಕಾಲ ತಮ್ಮ ಔದಾರ್ಯದ ಗುರುತೆಂದೇ ಎಣಿಸಿಕೊಂಡು ಬಂದರು. ಈಗ ನೋಡಿದರೆ ಸವೆತಕ್ಕೆ ಪ್ರತಿಯಾಗಿ ಆ ಮನೆ ಕೊಟ್ಟ ಏಕೈಕ ಬಾಬ್ತು ಅದೇ ಆಗಿತ್ತು.

ಆಕೆಗೆ ಬಟ್ಟೆಯ ವಿಷಯದಲ್ಲಿದ್ದ ತಿಳಿವಳಿಕೆಯನ್ನು ಯಾರೂ ವಿದ್ಯೆಯೆಂದು ಕರೆಯಲಿಲ್ಲ. ಹೊಸ ಬಟ್ಟೆಯ ಒಂದು ತುದಿಯನ್ನು ನೆನೆಸಿ ಬಿಳಿಯ ಚಿಂದಿಗೆ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ನೋಡುವುದು, ಅರಿಸಿನದ ಕಲೆಗೆ ಸೋಪು ಹಚ್ಚಿ ಕೆಂಪಗಾದ ಮೇಲೆ ಬಿಸಿಲಿಗೆ ಹಾಕುವುದು, ಬಾಳೆಯ ಕರೆ ಹೋಗುವುದಿಲ್ಲವೆಂದು ಮೊದಲೇ ಹೇಳಿಬಿಡುವುದು, ಪ್ರತಿಯೊಂದು ಜೇಬನ್ನೂ ಒಳಹೊರಗು ಮಾಡಿ ಸಿಕ್ಕಿದ ಚಿಲ್ಲರೆಯನ್ನು ತೊಟ್ಟಿಯ ಅಂಚಿನ ಮೇಲೆ ಸಾಲಾಗಿ ಇಡುವುದು ಆಕೆಯ ಕ್ರಮವಾಗಿತ್ತು. ಅರಿಸಿನ ಕ್ಷಾರ ತಾಗಿದರೆ ಕೆಂಪಗಾಗುತ್ತದೆ, ಅದರ ಬಣ್ಣದ ಮೂಲವಾದ ಕರ್ಕ್ಯುಮಿನ್ ಬಿಸಿಲಿಗೆ ಒಡೆದುಹೋಗುತ್ತದೆ ಎಂಬ ರಸಾಯನಶಾಸ್ತ್ರವನ್ನು ಆ ಮನೆಯ ಮಕ್ಕಳು ಕಾಲೇಜಿನಲ್ಲಿ ಓದಿದರು. ಅದರ ಪ್ರಯೋಗವನ್ನು ಅವರು ಹಿತ್ತಲಿನಲ್ಲಿ ಆಗಲೇ ಕಂಡಿದ್ದರು.

ಇದಕ್ಕೂ ಹಿಂದಿನ ವ್ಯವಸ್ಥೆಯ ನೆನಪು ಮನೆಯ ಅಜ್ಜಿಗೆ ಇತ್ತು. ಅವರ ಹಳ್ಳಿಯಲ್ಲಿ ಊರಿನ ಬಟ್ಟೆಯನ್ನೆಲ್ಲ ಒಗೆಯುತ್ತಿದ್ದವರು ಮಡಿವಾಳರು. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಅಳೆದುಕೊಡುವ ಧಾನ್ಯವೇ, ಅಂದರೆ ಆಯವೇ ಅವರ ಕೂಲಿ. ಅವರು ಸವಳು ಮಣ್ಣಿನ ನೀರಿನಲ್ಲಿ ನೆನೆಸಿದ ಬಟ್ಟೆಗಳನ್ನು ಕುದಿಯುವ ನೀರಿನ ಬಾನಿಯ ಮೇಲೆ ಒಟ್ಟಿ ಆವಿಯಲ್ಲಿ ಬೇಯಿಸುತ್ತಿದ್ದರು. ಉಬ್ಬೆ ಹಾಕುವುದೆಂದರೆ ಇದೇ. ಸವಳಿನಲ್ಲಿರುವ ಸೋಡಿಯಂ ಕಾರ್ಬೊನೇಟ್ ಜಿಡ್ಡನ್ನು ಸಡಿಲಿಸುತ್ತದೆ, ಆವಿಯ ಶಾಖ ರೋಗಾಣುಗಳನ್ನು ಕೊಲ್ಲುತ್ತದೆ. ಯಾರ ಬಟ್ಟೆ ಯಾವುದೆಂದು ತಿಳಿಯಲು ಕರಿಗೇರಿನ ರಸದಿಂದ ಹಾಕುತ್ತಿದ್ದ ಗುರುತು ಬಟ್ಟೆ ಹರಿದರೂ ಹೋಗುತ್ತಿರಲಿಲ್ಲ. 12ನೆಯ ಶತಮಾನದ ಶರಣ ಮಡಿವಾಳ ಮಾಚಿದೇವನನ್ನು ಗೌರವದಿಂದ ನೆನೆಯುವ ನಾಡಿನಲ್ಲಿಯೇ, ಊರಿನ ಕೊಳೆಯನ್ನು ಕಳೆದವರನ್ನು ಊರು ಅಂಗಳದಲ್ಲಿಯೇ ನಿಲ್ಲಿಸಿ ಬಟ್ಟೆ ಕೊಡುತ್ತಿತ್ತು ಎಂಬುದನ್ನು ಅಜ್ಜಿ ಯಾವ ಮುಜುಗರವೂ ಇಲ್ಲದೆ, ಹಾಗಿರುವುದೇ ಸಹಜವೆಂಬಂತೆ ಹೇಳುತ್ತಿದ್ದರು.

ಪೇಟೆಯಲ್ಲಿ ಬದಲಾವಣೆ ಎರಡು ಹಂತಗಳಲ್ಲಿ ಬಂತು. ಮೊದಲು ಬಂದದ್ದು ಡಿಟರ್ಜೆಂಟ್ ಪುಡಿ, ಅಂದರೆ ಗಡಸು ನೀರಿನಲ್ಲಿಯೂ ಸಾಬೂನಿನಷ್ಟು ಗಸಿಯಾಗದೆ ಕೆಲಸ ಮಾಡುವ ಕೃತಕ ಮಾರ್ಜಕ. 1959ರಲ್ಲಿ ಸರ್ಫ್ ಭಾರತದ ಮಾರುಕಟ್ಟೆಗೆ ಬಂತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ಆರಂಭಿಸಿದ ನಿರ್ಮಾ ಅಗ್ಗದ ಬೆಲೆಯಿಂದಾಗಿ ಸಣ್ಣ ಊರುಗಳ ಅಂಗಡಿಗಳನ್ನೂ ಮುಟ್ಟಿತು. ಎರಡನೆಯ ಹಂತ 1980ರ ದಶಕದ ಕೊನೆಯಲ್ಲಿ ಶುರುವಾಯಿತು. ದೂರದರ್ಶನದಲ್ಲಿ ವಿಡಿಯೋಕಾನ್ ವಾಷಿಂಗ್ ಮಷೀನಿನ ಜಾಹೀರಾತು ಹಾಡಿನ ರೂಪದಲ್ಲಿ ಬರತೊಡಗಿತು, ವರ್ಲ್‌ಪೂಲ್ ಯಂತ್ರಗಳು ಪಾಂಡಿಚೇರಿಯಲ್ಲಿ ತಯಾರಾದವು, ಬೆಂಗಳೂರಿನಲ್ಲಿ ನೆಲೆಯೂರಿದ್ದ ಬಿಪಿಎಲ್ ಕೂಡ ಈ ವ್ಯಾಪಾರಕ್ಕಿಳಿಯಿತು. ಟಿವಿ ಮತ್ತು ಫ್ರಿಜ್ ಆಗಲೇ ಸೇರಿದ್ದ ಮನೆಗಳಲ್ಲಿ ಮೂರನೆಯ ವಸ್ತುವಾಗಿ ವಾಷಿಂಗ್ ಮಷೀನ್ ಕಾಲಿಟ್ಟಿತು.

ತುಮಕೂರಿನ ಆ ಮನೆಗೆ ಬಂದದ್ದು ಸೆಮಿ ಆಟೊಮ್ಯಾಟಿಕ್ ಯಂತ್ರ. ಇದರಲ್ಲಿ ಅಕ್ಕಪಕ್ಕ ಎರಡು ತೊಟ್ಟಿಗಳು. ಒಂದರ ತಳದಲ್ಲಿ ಪಲ್ಸೇಟರ್ ಎಂಬ ರೆಕ್ಕೆಯ ತಟ್ಟೆ ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ತಿರುಗಿ ನೀರನ್ನು ಸುಳಿಯೆಬ್ಬಿಸುತ್ತದೆ, ಇನ್ನೊಂದರಲ್ಲಿ ತೂತುಗಳಿರುವ ಸಣ್ಣ ಬುಟ್ಟಿ ನಿಮಿಷಕ್ಕೆ 1300 ಸುತ್ತಿನ ಆಸುಪಾಸಿನಲ್ಲಿ ತಿರುಗಿ ನೀರನ್ನು ಚಿಮ್ಮಿಸುತ್ತದೆ. ಯಂತ್ರವನ್ನು ಬಚ್ಚಲಿನ ಬಾಗಿಲ ಬಳಿ ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆ ಹಾಕಲಾಯಿತು. ಆಯುಧಪೂಜೆಯ ದಿನ ಸ್ಕೂಟರಿನೊಂದಿಗೆ ಅದಕ್ಕೂ ಮಾಲೆ ಬೀಳುತ್ತಿತ್ತು. ಒಗೆಯುವ ಕಲ್ಲಿಗೆ ಯಾವ ಹಬ್ಬದಲ್ಲೂ ಮಾಲೆ ಬಿದ್ದುದನ್ನು ಆ ಮನೆಯ ಮಕ್ಕಳು ಕಂಡಿರಲಿಲ್ಲ.

ಯಂತ್ರ ಬಂದ ಮೇಲೆ ಮನೆಯ ತಂದೆ ಮೊತ್ತಮೊದಲ ಬಾರಿಗೆ ಬಟ್ಟೆ ಒಗೆತದಲ್ಲಿ ಆಸಕ್ತಿ ತೋರಿದರು ಎಂಬುದು ಗಮನಿಸತಕ್ಕ ಸಂಗತಿ. ಕಲ್ಲಿನ ಬಳಿ ಎಂದೂ ಹೋಗದವರು ಕೈಪಿಡಿಯನ್ನು ಪೂರ್ತಿ ಓದಿ, ಟೈಮರನ್ನು ತಾವೇ ತಿರುಗಿಸಿ, ಭಾನುವಾರ ಬಂದ ನೆಂಟರಿಗೆ ಮುಚ್ಚಳ ತೆರೆದು ತೋರಿಸುತ್ತಿದ್ದರು. ಗುಂಡಿ ತಿರುಗಿಸುವುದು ಗಂಡಸಿನ ಕೆಲಸವಾಯಿತು; ಬಕೆಟ್ಟಿನಲ್ಲಿ ನೀರು ಹೊತ್ತು ತುಂಬುವುದು, ಒದ್ದೆ ಬಟ್ಟೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿಹಾಕುವುದು, ಜಾಲಿಸಲು ಮತ್ತೆ ನೀರು ತುಂಬುವುದು, ನೆಲಕ್ಕೆ ಹರಿದ ಕೊಳೆನೀರನ್ನು ಗುಡಿಸುವುದು ಎಂದಿನಂತೆ ಹೆಂಗಸರ ಪಾಲಿಗೆ ಉಳಿಯಿತು. ಕರೆಂಟ್ ಹೋಗಿಬರುತ್ತಿದ್ದ ಆ ವರ್ಷಗಳಲ್ಲಿ ಅರ್ಧ ಒಗೆದ ಬಟ್ಟೆಯನ್ನು ಕಾಯುತ್ತ ಕೂರುವುದೂ ತಾಯಿಯದೇ ಕೆಲಸ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಪ್ರಕಟಿಸಿದ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಕೃತಿಯಲ್ಲಿ, ಗೃಹಯಂತ್ರಗಳು ಕೆಲಸದ ಶ್ರಮವನ್ನು ತಗ್ಗಿಸಿದರೂ ಶುಭ್ರತೆಯ ನಿರೀಕ್ಷೆಯನ್ನು ಏರಿಸಿ ಗೃಹಿಣಿಯ ಹೊರೆಯನ್ನು ಹಾಗೆಯೇ ಉಳಿಸಿದವು ಎಂದು ವಾದಿಸಿದ್ದಾರೆ. ಎರಡು ದಿನಕ್ಕೊಮ್ಮೆ ಒಗೆತಕ್ಕೆ ಬೀಳುತ್ತಿದ್ದ ಅಂಗಿ ಯಂತ್ರ ಬಂದ ಮೇಲೆ ದಿನವೂ ಬೀಳತೊಡಗಿದ ಆ ಮನೆಯಲ್ಲಿ ಈ ವಾದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅಜ್ಜಿ ಮಾತ್ರ ಯಂತ್ರವನ್ನು ಕೊನೆಯವರೆಗೂ ಒಪ್ಪಲಿಲ್ಲ. ಮಡಿ, ಅಂದರೆ ಸ್ನಾನದ ನಂತರ ಪೂಜೆಗೂ ಅಡುಗೆಗೂ ಉಡಬೇಕಾದ, ಇತರರ ಸ್ಪರ್ಶವಿಲ್ಲದ ಬಟ್ಟೆ, ಎಲ್ಲರ ಬಟ್ಟೆಯೊಡನೆ ಒಂದೇ ನೀರಿನಲ್ಲಿ ಹೊರಳಿದರೆ ಮಡಿಯಾಗಿ ಉಳಿಯುವುದು ಹೇಗೆಂಬುದು ಅವರ ಪ್ರಶ್ನೆ. ಅವರು ತಮ್ಮ ಸೀರೆಯನ್ನು ತಾವೇ ಒಗೆದು, ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವುತ್ತಿದ್ದರು. ರೇಷ್ಮೆಯನ್ನು ಅಂಟುವಾಳದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸುತ್ತಿದ್ದರು. ಮಡಿಯ ಕಟ್ಟಳೆಯೊಳಗೆ ಜಾತಿಯ ಕಟ್ಟಳೆಯೂ ಸೇರಿಕೊಂಡಿತ್ತೆಂಬುದನ್ನು ಇಂದು ಮುಚ್ಚಿಡಬೇಕಾಗಿಲ್ಲ. ಒಗೆದುಕೊಡುವ ಹೆಂಗಸು ಆ ಗಳುವನ್ನು ಮುಟ್ಟುವಂತಿರಲಿಲ್ಲ. ಆದರೆ ರೇಷ್ಮೆಯ ವಿಷಯದಲ್ಲಿ ಅಜ್ಜಿಯ ಹಟ ಸರಿಯಾಗಿತ್ತು. ಇಂದಿನ ಹಲವು ಡಿಟರ್ಜೆಂಟುಗಳಲ್ಲಿ ಪ್ರೋಟಿಯೇಸ್ ಎಂಬ ಕಿಣ್ವವಿದ್ದು, ರಕ್ತ, ಹಾಲು, ಬೆವರಿನ ಕಲೆಗಳಲ್ಲಿರುವ ಪ್ರೋಟೀನನ್ನು ಅದು ಒಡೆಯುತ್ತದೆ. ರೇಷ್ಮೆಯ ಎಳೆಯೂ ಪ್ರೋಟೀನೇ ಆಗಿರುವುದರಿಂದ ಅದೇ ಕಿಣ್ವ ಸೀರೆಯ ಹೊಳಪನ್ನೂ ಬಲವನ್ನೂ ಕುಂದಿಸುತ್ತದೆ. ಅಂಟುವಾಳದ ಸಪೋನಿನ್ ಹಾಗೆ ಮಾಡುವುದಿಲ್ಲ.

ಒಗೆಯುವ ಹೆಂಗಸಿನ ಸ್ಥಿತಿ ಏನಾಯಿತೆಂಬುದನ್ನು ಆ ಮನೆ ಬಹುಕಾಲ ಯೋಚಿಸಲಿಲ್ಲ. ಮೊದಲು ದಿನದ ಬಟ್ಟೆ ತಪ್ಪಿ ಹೊದಿಕೆ, ಜಮಖಾನೆ, ಪರದೆಗಳಷ್ಟೇ ಆಕೆಯ ಪಾಲಿಗೆ ಉಳಿದವು. ಸಂಬಳ ಅದಕ್ಕೆ ತಕ್ಕಂತೆ ಇಳಿಯಿತು. ಆಮೇಲೆ ಪಾತ್ರೆ ತೊಳೆಯುವುದನ್ನು ಸೇರಿಸಿ ಮೊದಲಿನ ಸಂಬಳಕ್ಕೆ ಸರಿದೂಗಿಸಲಾಯಿತು. ಹಗುರವಾದದ್ದು ಯಂತ್ರಕ್ಕೆ, ಭಾರವಾದದ್ದು ಮನುಷ್ಯರಿಗೆ ಎಂಬ ಈ ಹಂಚಿಕೆಯಲ್ಲಿನ ವೈಪರೀತ್ಯ ಆಗ ಯಾರಿಗೂ ಹೊಳೆದಿರಲಿಲ್ಲ. ಒಗೆಯುವ ಕಲ್ಲಿನ ಬಗ್ಗೆ ಇಂದು ಹಂಬಲದ ಧಾಟಿಯಲ್ಲಿ ಬರೆಯುವವರಿದ್ದಾರೆ. ಕಲ್ಲಿನ ಮೇಲೆ ಕುಕ್ಕಿದ ಬಟ್ಟೆಯ ಬಿಳುಪೇ ಬೇರೆ ಎಂಬ ಮಾತನ್ನು ಹೇಳುವವರು ಬಹುಪಾಲು ಆ ಕಲ್ಲಿನ ಬಳಿ ಬಗ್ಗಿ ನಿಂತವರಲ್ಲ. ಆಕೆಯ ಮಗಳು ಬಟ್ಟೆ ಒಗೆಯುವ ಕೆಲಸಕ್ಕೆ ಬರಲಿಲ್ಲ, ಹೊಲಿಗೆ ಕಲಿತು ಅಂಗಡಿಯೊಂದಕ್ಕೆ ಸೇರಿದಳು. ಅದರಲ್ಲಿ ವಿಷಾದಪಡುವಂಥದ್ದು ಏನೂ ಇಲ್ಲ.

ಯಂತ್ರವನ್ನೂ ಆ ಮನೆ ನಡೆಸಿಕೊಂಡದ್ದು ಹೆಚ್ಚುಕಡಿಮೆ ಹಾಗೆಯೇ. ಹಿಡಿಯುವಷ್ಟಕ್ಕಿಂತ ಹೆಚ್ಚು ಬಟ್ಟೆ ತುರುಕುವುದು, ನೊರೆ ಹೆಚ್ಚಾದಷ್ಟೂ ಒಳ್ಳೆಯದೆಂದು ಪುಡಿಯನ್ನು ಅಳತೆಯಿಲ್ಲದೆ ಸುರಿಯುವುದು, ಜೇಬು ನೋಡದೆ ಹಾಕುವುದು ರೂಢಿಯಾಯಿತು. ಜೇಬು ನೋಡುತ್ತಿದ್ದವರು ಆಕೆ. ಆಕೆಯ ಕೈ ತಪ್ಪಿದ ಮೇಲೆ ಆ ಕೆಲಸ ತಮ್ಮದೆಂದು ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಪಲ್ಸೇಟರ್ ತಿರುಗದೆ ನಿಂತ ದಿನ ಪೇಟೆಯಿಂದ ಬಂದ ರಿಪೇರಿಯಾತ ನಡುವಿನ ಒಂದೇ ಸ್ಕ್ರೂ ಬಿಚ್ಚಿ, ತಟ್ಟೆಯನ್ನು ಎರಡು ಕಡೆ ತಂತಿ ಕೊಕ್ಕೆ ಹಾಕಿ ಮೇಲೆತ್ತಿದಾಗ ಅದರಡಿಯಲ್ಲಿ ಕಾಣಿಸಿದ್ದು ಬೂದುಬಣ್ಣದ ಲೋಳೆ, ಅದರೊಳಗೆ ಹೂತ ನಾಣ್ಯಗಳು, ತಲೆಪಿನ್ನು, ಅಂಗಿಯ ಗುಂಡಿಗಳು, ಒಂದು ಅಡಿಕೆಯ ಹೋಳು, ಬಸ್ಸಿನ ಟಿಕೆಟ್ಟು ಕರಗಿ ಉಂಡೆಯಾದ ಕಾಗದ. ಆತ ಅವನ್ನೆಲ್ಲ ಬಚ್ಚಲಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಕೆಳಗಿನ ತೆರೆದ ತಳದಿಂದ ಇಲಿ ನುಗ್ಗಿ ವೈರಿನ ಹೊದಿಕೆಯನ್ನು ಕಡಿದಿದ್ದೂ ಆಗಲೇ ಗೊತ್ತಾಯಿತು. ತಳಕ್ಕೆ ಜಾಲರಿ ಹಾಕಿಸಿ, ಮೂರು ಪಿನ್ನಿನ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಕೊಡಿಸಬೇಕೆಂದು ಆತ ಎಚ್ಚರಿಸಿದ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಬಳಸುವ ಯಂತ್ರಕ್ಕೆ ಅರ್ಥಿಂಗ್ ಇಲ್ಲದಿರುವುದು ಪ್ರಾಣಾಪಾಯ ಎಂಬುದು ಕೈಪಿಡಿಯಲ್ಲಿಯೇ ಇತ್ತು. ಪೂರ್ತಿ ಓದಿದ್ದ ಕೈಪಿಡಿ ಅಲಮಾರಿನಲ್ಲಿ ಭದ್ರವಾಗಿತ್ತು.

ಮುಂದೆ ಮಕ್ಕಳು ಬೆಂಗಳೂರಿಗೆ ಬಂದು ನೆಲೆಸಿದಾಗ ಬಂದದ್ದು ಫ್ರಂಟ್ ಲೋಡ್ ಯಂತ್ರ. ಇದರಲ್ಲಿ ಬಟ್ಟೆ ನೀರಿನಲ್ಲಿ ಮುಳುಗಿರುವುದಿಲ್ಲ. ಅಡ್ಡಲಾಗಿ ತಿರುಗುವ ಪೀಪಾಯಿ ಒದ್ದೆ ಬಟ್ಟೆಯನ್ನು ಮೇಲಕ್ಕೆತ್ತಿ ಕೆಳಕ್ಕೆ ಬೀಳಿಸುತ್ತದೆ, ಆ ಬೀಳುವಿಕೆಯೇ ಕಲ್ಲಿನ ಮೇಲಿನ ಕುಕ್ಕುವಿಕೆಯ ಸ್ಥಾನದಲ್ಲಿರುತ್ತದೆ. ಹೀಗಾಗಿ ನೀರು ಕಡಿಮೆ ಸಾಕು, ನೊರೆಯೂ ಕಡಿಮೆಯಿರಬೇಕು. ನೊರೆ ಹೆಚ್ಚಾದರೆ ಬಟ್ಟೆ ನೊರೆಯ ಮೇಲೆ ಬಿದ್ದು ಏಟು ತಗ್ಗುತ್ತದೆ, ಜಾಲಿಸುವಾಗ ಪುಡಿ ಪೂರ್ತಿ ಹೋಗುವುದಿಲ್ಲ. ಕೈಯಲ್ಲಿ ಒಗೆಯಲು ಮಾಡಿದ ಪುಡಿಯನ್ನು ಇದಕ್ಕೆ ಹಾಕಬಾರದೆನ್ನುವುದು ಇದೇ ಕಾರಣಕ್ಕೆ. ಹಿಂಡುವಾಗ ಸುಮಾರು 48 ಸೆಂಟಿಮೀಟರ್ ವ್ಯಾಸದ ಪೀಪಾಯಿ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಬಟ್ಟೆ ಪೀಪಾಯಿಯ ಗೋಡೆಗೆ ತನ್ನ ತೂಕದ ಸುಮಾರು 270 ಪಟ್ಟು ಬಲದಿಂದ ಒತ್ತಿಕೊಳ್ಳುತ್ತದೆ. ಬಟ್ಟೆ ಒಂದೇ ಕಡೆ ಗಂಟುಕಟ್ಟಿಕೊಂಡರೆ, ಅಥವಾ ಯಂತ್ರದ ನಾಲ್ಕು ಪಾದಗಳು ನೆಲಕ್ಕೆ ಸಮವಾಗಿ ಕೂರದಿದ್ದರೆ, ಆ ಬಲವೆಲ್ಲ ಓರೆಯಾಗಿ ಬೇರಿಂಗಿನ ಮೇಲೂ ಸ್ಪೈಡರಿನ ಮೇಲೂ ಬೀಳುತ್ತದೆ. ಒಂದೇ ಹೊದಿಕೆಯನ್ನು ಒಂಟಿಯಾಗಿ ಹಾಕುವುದೂ, ಪೀಪಾಯಿಯನ್ನು ಕುತ್ತಿಗೆಯವರೆಗೆ ತುಂಬುವುದೂ ಎರಡೂ ತಪ್ಪಾಗುವುದು ಇದರಿಂದಲೇ. ತುಂಬಿದ ಬಟ್ಟೆಯ ಮೇಲೆ ಅಂಗೈ ಆಡುವಷ್ಟು ಜಾಗ ಉಳಿದಿದ್ದರೆ ಸರಿ.

ಆ ಫ್ಲ್ಯಾಟಿಗೆ ಒಂದು ದಿನ ಕಾವೇರಿ ನೀರು, ಇನ್ನೊಂದು ದಿನ ಕೊಳವೆಬಾವಿಯ ಇಲ್ಲವೇ ಟ್ಯಾಂಕರಿನ ನೀರು ಬರುತ್ತದೆ. ಗಡಸು ನೀರನ್ನು ಯಂತ್ರ ಬಿಸಿಮಾಡಿದಾಗ ಲವಣಗಳು ಸುಣ್ಣದ ಪದರವಾಗಿ ಹೀಟರಿನ ಮೇಲೆ ಕೂರುತ್ತವೆ, ಪದರ ದಪ್ಪವಾದಷ್ಟೂ ವಿದ್ಯುತ್ ಹೆಚ್ಚು ಖರ್ಚಾಗಿ ಹೀಟರ್ ಬೇಗ ಸುಡುತ್ತದೆ. ಅದಕ್ಕೆ ಮದ್ದೆಂದರೆ ಯಂತ್ರಕ್ಕೆಂದೇ ಮಾಡಿದ ಡಿಸ್ಕೇಲರ್, ಅಂದರೆ ಬಹುಪಾಲು ಸಿಟ್ರಿಕ್ ಆಮ್ಲದ ಪುಡಿಯನ್ನು ಹಾಕಿ ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಓಡಿಸುವುದು; ನಿಂಬೆಯ ಹುಳಿಯೂ ಇದೇ ಆಮ್ಲವಾಗಿದ್ದು ಸುಣ್ಣವನ್ನು ಅದು ಕರಗಿಸುತ್ತದೆ. ಯಾವುದೇ ಆಮ್ಲವನ್ನು ಬ್ಲೀಚಿನೊಡನೆ ಮಾತ್ರ ಎಂದೂ ಬೆರೆಸಬಾರದು, ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿಯ ಮಡಿಕೆಯಲ್ಲಿ ನೀರು, ಕೂದಲು, ನೂಲಿನ ಎಳೆ ಸೇರಿ ಕರಿಲೋಳೆ ಬೆಳೆಯುತ್ತದೆ. ಒಗೆದ ಬಟ್ಟೆಗೆ ಮಳೆಗಾಲದಲ್ಲಿ ಬರುವ ಮುಗ್ಗಲು ವಾಸನೆಗೆ ಮೊರಾಕ್ಸೆಲ್ಲ ಓಸ್ಲೋಎನ್ಸಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣಗಳಲ್ಲೊಂದೆಂದು ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಸದಾ ತಣ್ಣೀರಿನಲ್ಲಿಯೇ ಓಡುವ, ಬಾಗಿಲು ಸದಾ ಮುಚ್ಚಿರುವ ಯಂತ್ರದಲ್ಲಿ ಇಂಥ ಜೀವಿಗಳಿಗೆ ತೇವವೂ ಆಹಾರವೂ ಸಿಗುತ್ತವೆ. ತಿಂಗಳಿಗೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಬಿಸಿಯಲ್ಲಿ ಖಾಲಿ ಓಡಿಸಿ, ರಬ್ಬರಿನ ಮಡಿಕೆಯನ್ನು ಒರೆಸಿ, ಚಿಕ್ಕ ಮಕ್ಕಳಿಲ್ಲದ ಮನೆಯಾದರೆ ಬಾಗಿಲನ್ನು ತುಸು ತೆರೆದಿಟ್ಟರೆ ಅವುಗಳ ಬೆಳವಣಿಗೆ ತಗ್ಗುತ್ತದೆ. ಉಬ್ಬೆಯ ಆವಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹೀಟರ್ ಮಾಡುತ್ತದೆ.

ಉಳಿದ ಆರೈಕೆಯೂ ಕಷ್ಟದ್ದೇನಲ್ಲ. ಮುಂಭಾಗದ ಕೆಳಮೂಲೆಯ ಸಣ್ಣ ಮುಚ್ಚಳದ ಹಿಂದಿರುವ ಡ್ರೈನ್ ಫಿಲ್ಟರ್, ಅಂದರೆ ಪಂಪಿಗೆ ಹೋಗುವ ಮೊದಲು ನಾಣ್ಯ, ಗುಂಡಿಗಳನ್ನು ತಡೆಯುವ ಜಾಲರಿಯನ್ನು ತಿಂಗಳಿಗೊಮ್ಮೆ ತಿರುಗಿಸಿ ತೆಗೆದು ತೊಳೆಯಬೇಕು; ತೆಗೆಯುವ ಮೊದಲು ಕೆಳಗೆ ಅಗಲವಾದ ತಟ್ಟೆ ಇಡಬೇಕು. ನೀರು ಒಳಬರುವ ಪೈಪಿನ ಬಾಯಲ್ಲಿರುವ ಕಿರುಜಾಲರಿಯಲ್ಲಿ ಟ್ಯಾಂಕರ್ ನೀರಿನ ಮರಳು ಕೂರುವುದರಿಂದ ಅದನ್ನೂ ಆಗಾಗ ಬ್ರಷ್ಷಿನಿಂದ ಉಜ್ಜಬೇಕು. ಪುಡಿ ಹಾಕುವ ಡ್ರಾಯರನ್ನು ಪೂರ್ತಿ ಹೊರಗೆಳೆದು ತೊಳೆಯಬಹುದು. ಇಷ್ಟಕ್ಕೆ ತಗಲುವುದು ಅರ್ಧ ತಾಸು. ಸ್ಪೈಡರ್ ಮುರಿದ ಆ ಯಂತ್ರದಲ್ಲಿ ಫಿಲ್ಟರಿನ ಮುಚ್ಚಳವನ್ನು ತಂದ ದಿನದಿಂದ ಯಾರೂ ತೆರೆದಿರಲಿಲ್ಲ. ಮನೆಯ ಒಬ್ಬೊಬ್ಬರೂ ಇನ್ನೊಬ್ಬರು ತೆರೆದಿರಬಹುದೆಂದು ಎಣಿಸಿದ್ದರು.

ಹೀಗೆ ಎಣಿಸುವ ಅಭ್ಯಾಸದ ಬೇರು ಆ ಹಿತ್ತಲಿನಲ್ಲಿಯೇ ಇದೆ. ಬಟ್ಟೆ ಕೊಳೆಯಾಗಿ ಹೋಗಿ ಶುಭ್ರವಾಗಿ ಬರುವ ನಡುವಿನ ದಾರಿಯನ್ನು ನೋಡದೆ ಬೆಳೆದವರಿಗೆ, ಆ ದಾರಿಯಲ್ಲಿ ಹೆಂಗಸೊಬ್ಬಳಿದ್ದಾಗ ಕಾಣದಿದ್ದದ್ದು ಯಂತ್ರವಿದ್ದಾಗ ಕಾಣುವುದು ಹೇಗೆ ಸಾಧ್ಯ? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ತೊಡಗುವ ಗಂಡಸರು ಕೊಡುವುದು 97 ನಿಮಿಷ. ಯಂತ್ರಗಳು ಸೇರಿದ ಮೇಲೂ ಈ ಅಂತರ ಇಷ್ಟಿರುವುದಕ್ಕೆ ಒಂದು ಕಾರಣ, ಗುಂಡಿ ಒತ್ತುವುದು ಒಗೆತದ ಅತಿ ಸಣ್ಣ ಭಾಗವಾಗಿರುವುದು. ವಿಂಗಡಿಸುವುದು, ಜೇಬು ನೋಡುವುದು, ಕಲೆ ಗುರುತಿಸುವುದು, ಹರವುವುದು, ಮಡಿಸುವುದು, ಫಿಲ್ಟರ್ ತೊಳೆಯುವುದು ಇವೆಲ್ಲ ಇನ್ನೂ ಕೈಗಳ ಕೆಲಸವೇ.

ಯಂತ್ರದ ಕೈಪಿಡಿಯಲ್ಲಿ ಒಂದು ಸಲಕ್ಕೆ ಇಷ್ಟೇ ಕಿಲೋ, ಪುಡಿ ಇಷ್ಟೇ ಅಳತೆ, ತಿಂಗಳಿಗೊಮ್ಮೆ ಈ ಆರೈಕೆ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ತುಮಕೂರಿನ ಆ ಹೆಂಗಸಿಗೆ ಹೊರುವ ಭಾರಕ್ಕೆ ಮಿತಿಯನ್ನಾಗಲಿ ಬಿರಿದ ಕೈಗೆ ಬಿಡುವನ್ನಾಗಲಿ ಯಾರೂ ಬರೆದುಕೊಟ್ಟಿರಲಿಲ್ಲ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸಿ 2004ರಲ್ಲಿ ಅಧಿಸೂಚನೆ ಹೊರಡಿಸಿದ ಕರ್ನಾಟಕ ಈ ವಿಷಯದಲ್ಲಿ ಮುಂದಿದ್ದ ರಾಜ್ಯಗಳಲ್ಲೊಂದು, ಆದರೆ ಆ ಕಾಗದ ಎಷ್ಟೋ ಅಡುಗೆಮನೆಗಳ ಹೊಸ್ತಿಲನ್ನು ಇನ್ನೂ ದಾಟಿಲ್ಲ. ಬೆಂಗಳೂರಿನ ಆ ಫ್ಲ್ಯಾಟಿನಲ್ಲಿ ಇಂದು ಯಂತ್ರಕ್ಕೆ ಬಟ್ಟೆ ಹಾಕಿ ತೆಗೆಯುವವರೂ, ಪಕ್ಕದ ಸಿಂಕಿನಲ್ಲಿ ಅದೇ ಗಡಸು ನೀರಿನಿಂದ ಪಾತ್ರೆ ತೊಳೆಯುವವರೂ ಒಬ್ಬರೇ ಹೆಂಗಸು. ಹೊಸ ಸ್ಪೈಡರಿಗೂ ಬೇರಿಂಗಿಗೂ ಮನೆಯವರು ಮರುಮಾತಿಲ್ಲದೆ ತೆತ್ತ ಹಣದ ಒಂದು ಸಣ್ಣ ಪಾಲಿನಲ್ಲಿ ಆಕೆಗೆ ವರ್ಷವಿಡೀ ರಬ್ಬರ್ ಕೈಗವಸು ಕೊಡಿಸಬಹುದು. ವಾರಕ್ಕೊಂದು ಸಂಬಳಸಹಿತ ರಜೆ ಕೊಡಲು ಅಂದು ಯುಟಿಲಿಟಿಯನ್ನು ಗುಡಿಸಿ, ತಿಂಗಳಿಗೊಮ್ಮೆ ಫಿಲ್ಟರನ್ನೂ ತೊಳೆಯುವ ಪಾಳಿ ಮನೆಯ ಗಂಡಸರಿಗೆ ಬಂದರೆ ಸಾಕು.